ಲಿಪಿಕಾರನ ಕೆಲಸ, ಪಂಡಿತನ ಮಾತು

ಈಚಿನ ವರ್ಷಗಳಲ್ಲಿ ಪತ್ರಿಕೆಗಳ ಮೂಲಕ ಕನ್ನಡಕ್ಕೆ ಬಂದು ನೆಲೆಸಿದ ಮಾತುಗಳಲ್ಲಿ ‘ಜೀನೋಮ್ ಸೀಕ್ವೆನ್ಸಿಂಗ್’ ಎಂಬುದೂ ಒಂದು. ೨೦೨೧ರ ಡಿಸೆಂಬರ್ ಮೊದಲಲ್ಲಿ ಈ ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಗೊತ್ತಾದಾಗ ಆ ಮಾತು ಹಿರಿಯೂರು ಹೊಳಲ್ಕೆರೆಗಳ ಹೋಟೆಲು ಹರಟೆಯಲ್ಲಿಯೂ ಸೇರಿಹೋಯಿತು. ಅದನ್ನು ಕನ್ನಡಿಸ ಹೊರಟವರು ‘ವಂಶವಾಹಿ ಅನುಕ್ರಮ’ವೆಂದರು, ಮತ್ತೆ ಕೆಲವರು ‘ತಳಿ’ಯೆಂಬ ಹಳೆಯ ಮಾತನ್ನು ಅದಕ್ಕೆ ಜೋಡಿಸಿದರು. ಸಾಹಿತ್ಯಕ್ಕೆಂದು ಮೀಸಲಾದ ಪುಟದಲ್ಲಿ ಈ ವಿಷಯವೇಕೆಂದು ವಾಚಕರು ಕೇಳಬಹುದು. ಕಾರಣ ಸರಳವಾಗಿದೆ. ಈ ವಿದ್ಯೆ ತನ್ನನ್ನು ಓದು ಎಂದು ಕರೆದುಕೊಂಡಿದೆ. ಅಕ್ಷರ, ಪ್ರತಿ, ಪಾಠ, ಭಾಷಾಂತರ, ತಿದ್ದುಪಡಿ, ಗ್ರಂಥಾಲಯ—ಇವೆಲ್ಲವೂ ಅದರ ಪರಿಭಾಷೆಯಲ್ಲಿ ದಿನ ಬಳಕೆಯ ಮಾತುಗಳು. ನಮ್ಮ ಮನೆಯ ಪಾತ್ರೆಗಳನ್ನೆಲ್ಲ ಕಡ ಒಯ್ದ ನೆರೆಯವರ ಮನೆಯಲ್ಲಿ ಅಡಿಗೆ ಹೇಗಾಗಿದೆಯೆಂದು ಒಮ್ಮೆ ಇಣಿಕಿ ನೋಡುವ ಹಕ್ಕು ನಮಗೆ ಉಂಟಷ್ಟೆ.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಯಾವುದೊಂದು ಗ್ರಂಥವನ್ನಲ್ಲ. ಒಂದು ಬರವಣಿಗೆಯ ಜಾತಿಯನ್ನು. ರಕ್ತದ ಮಾದರಿಯನ್ನು ಪಡೆದುಕೊಂಡು, ಅದರೊಳಗಿನ ಡಿಎನ್‌ಎಯನ್ನು ಓದಿ, ಸಂಶೋಧಕನಿಗೋ ವೈದ್ಯನಿಗೋ ಕಳಿಸಿಕೊಡುವ ಸಂಸ್ಥೆಗಳು ಬರೆಯುವ ವರದಿ, ಅದಕ್ಕೆ ಮೊದಲು ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ, ಇವೆರಡೂ ಈಗ ಸಾಕಷ್ಟು ಜನರ ಕೈಗೆ ಬರುತ್ತಿರುವ ಗದ್ಯ. ಕಥೆ ಕಾದಂಬರಿಗಳನ್ನು ಓದದವನು ಸಹ ತನ್ನ ಮಗುವಿನ ವರದಿಯನ್ನು ಓದಲೇಬೇಕಾಗುತ್ತದೆ. ಅಂಥ ಗದ್ಯವನ್ನು ಯಾರೂ ವಿಮರ್ಶೆಗೆ ಒಳಪಡಿಸಿಲ್ಲವೆಂಬುದು ಆಶ್ಚರ್ಯ.

ಈ ಉದ್ಯಮ ನಮ್ಮ ನಾಡಿನಲ್ಲಿ ಬೇರುಬಿಟ್ಟದ್ದು ಬೆಂಗಳೂರಿನಲ್ಲಿ. ಜೀನೋಟಿಪಿಕ್ ಟೆಕ್ನಾಲಜಿ ೧೯೯೮ರಲ್ಲಿ ಪ್ರಾರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಕೆಲವರು ಸೇರಿ ೨೦೦೦ದಲ್ಲಿ ಸ್ಟ್ರ್ಯಾಂಡ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದು ೨೦೨೧ರಲ್ಲಿ ರಿಲಯನ್ಸ್ ಒಡೆತನಕ್ಕೆ ಹೋಯಿತು. ೨೦೧೩ರಲ್ಲಿ ಮೆಡ್‌ಜೀನೋಮ್ ಬಂತು. ಇವುಗಳ ಜೊತೆಗೆ, ಜಿಕೆವಿಕೆ ಆವರಣದಲ್ಲಿ ೨೦೦೯ರಲ್ಲಿ ಹುಟ್ಟಿದ ಸಿ-ಕ್ಯಾಂಪ್ ಎಂಬ ಸರ್ಕಾರಿ ಆಶ್ರಯದ ಕೇಂದ್ರವು ತನ್ನ ಯಂತ್ರಗಳನ್ನು ಹೊರಗಿನ ಸಂಶೋಧಕರಿಗೂ ದುಡಿಸಿಕೊಡುತ್ತದೆ. ಸ್ವಂತಕ್ಕೆ ಕೋಟಿಗಟ್ಟಲೆ ಬೆಲೆಯ ಯಂತ್ರವಿಲ್ಲದ ಅಧ್ಯಾಪಕನೊಬ್ಬ, ತನ್ನ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೂಡಿಟ್ಟ ಮಾದರಿಗಳನ್ನು ಅಲ್ಲಿಗೆ ಕಳಿಸಿ ಓದಿಸಿಕೊಳ್ಳಬಹುದು. ಇದು ಸಣ್ಣ ಉಪಕಾರವಲ್ಲ. ೧೯೯೦ರಲ್ಲಿ ತೊಡಗಿ ೨೦೦೩ರಲ್ಲಿ ಮುಗಿಯಿತೆಂದು ಸಾರಿದ ಮೊದಲ ಮಾನವ ಜೀನೋಮಿನ ಯೋಜನೆಗೆ ಗೊತ್ತುಮಾಡಿದ ಹಣ ಮುನ್ನೂರು ಕೋಟಿ ಡಾಲರು, ಎಂದರೆ ಹೆಚ್ಚು ಕಡಿಮೆ ಅಕ್ಷರಕ್ಕೆ ಒಂದು ಡಾಲರಿನಂತೆ. ಇಂದು ಆ ಮುನ್ನೂರು ಕೋಟಿ ಅಕ್ಷರಗಳ ಓದು ಸಾವಿರ ಡಾಲರಿಗೂ ಕಡಿಮೆಗೆ ಸಿಗುತ್ತದೆ. ಅಚ್ಚಿನ ಯಂತ್ರ ಬಂದಾಗ ಓಲೆಗರಿಯ ಕಾಲಕ್ಕೆ ಆದದ್ದೇ ಇಲ್ಲಿಯೂ ಆಗಿದೆ.

ಈ ಓದು ನಡೆಯುವ ಬಗೆಯನ್ನು ಕೊಂಚ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ‘ಓದು’ ಎಂಬ ಮಾತಿನಿಂದ ನಾವು ತಪ್ಪು ಕಲ್ಪನೆಗೆ ಸಿಕ್ಕುತ್ತೇವೆ. ಯಂತ್ರವು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿಹಾಕುವುದಿಲ್ಲ. ಡಿಎನ್‌ಎಯನ್ನು ಕೆಲವು ನೂರು ಅಕ್ಷರಗಳ ಚೂರುಗಳಾಗಿ ಒಡೆಯುತ್ತಾರೆ. ಪ್ರತಿ ಚೂರಿನ ಎರಡು ತುದಿಗೂ ಗೊತ್ತಿರುವ ಒಂದು ತುಣುಕನ್ನು ಬೆಸೆಯುತ್ತಾರೆ—ಈ ಚೂರುಗಳ ಸಂಗ್ರಹಕ್ಕೇ ‘ಗ್ರಂಥಾಲಯ’ವೆಂದು ಹೆಸರು, ಗ್ರಂಥಾಲಯಕ್ಕೆ ಇದಕ್ಕಿಂತ ದೊಡ್ಡ ಅವಮಾನವನ್ನು ನಾನು ಕಂಡಿಲ್ಲ!—ಗಾಜಿನ ಹಲಗೆಯ ಮೇಲೆ ಅವುಗಳನ್ನು ನೆಟ್ಟು, ಒಂದೊಂದನ್ನೂ ಸಾವಿರಾರು ಪ್ರತಿಗಳ ಗುಂಪಾಗಿ ಬೆಳೆಸುತ್ತಾರೆ. ಅನಂತರ ಆ ಎಳೆಗೆ ಎದುರೆಳೆಯನ್ನು ಒಂದೊಂದೇ ಅಕ್ಷರವಾಗಿ ಕೂಡಿಸುತ್ತ ಹೋದಂತೆ, ಕೂಡಿದ ಅಕ್ಷರ ತನ್ನ ಬಣ್ಣದಲ್ಲಿ ಮಿನುಗುತ್ತದೆ. ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಒಂದು ಚೂರಿನ ಒಂದು ತುದಿಯಿಂದ ನೂರೈವತ್ತು ಅಕ್ಷರಗಳಷ್ಟು ಓದಿ ನಿಲ್ಲುತ್ತಾರೆ. ಹೀಗೆ ಕೋಟ್ಯಂತರ ಚೂರುಗಳು. ಪ್ರತಿಯೊಂದು ಸ್ಥಾನವೂ ಸರಾಸರಿ ಮೂವತ್ತು ಸಲವಾದರೂ ಓದಿಗೆ ಬರುವಂತೆ ನೋಡಿಕೊಳ್ಳುವುದು ಈಗಿನ ವಾಡಿಕೆ. ಉದ್ದುದ್ದ ಎಳೆಗಳನ್ನೇ ಓದುವ ಬೇರೆ ಯಂತ್ರಗಳೂ ಬಂದಿವೆ. ಅವುಗಳ ಮಾತು ಬೇರೆ.

ಆ ಚೂರುಗಳನ್ನು ಜೋಡಿಸುವುದು ಹೇಗೆ? ಇಲ್ಲಿಯೇ ನಮ್ಮ ಗ್ರಂಥಸಂಪಾದಕರಿಗೆ ಪರಿಚಿತವಾದ ಲೋಕ ಕಾಣತೊಡಗುತ್ತದೆ. ಮೊದಲೇ ಸಿದ್ಧವಾಗಿರುವ ಒಂದು ಆಕರಪಾಠದ ಮೇಲೆ ಈ ಚೂರುಗಳನ್ನು ಇಟ್ಟು ನೋಡುತ್ತಾರೆ. ಹೊಂದಿದಲ್ಲಿ ಸರಿ, ಹೊಂದದೆ ಇರುವಲ್ಲಿ ಪಾಠಭೇದವೆಂದು ಗುರುತು ಹಾಕುತ್ತಾರೆ. ಯಾವ ಮನುಷ್ಯನನ್ನು ಓದಿದರೂ ಆಕರಪಾಠದಿಂದ ನಲವತ್ತು ಐವತ್ತು ಲಕ್ಷ ಕಡೆ ಅವನು ಬೇರೆಯಾಗಿರುತ್ತಾನೆ. ಅದರಲ್ಲಿ ಬಹುಪಾಲು ನಿರುಪದ್ರವಿ.

ಹಾಗಾದರೆ ಆಕರಪಾಠ ಯಾರದು? ಪಂಪನಿಗೂ ರನ್ನನಿಗೂ ಕೈಬರಹದ ಮೂಲಪ್ರತಿ ನಮಗೆ ದೊರೆತಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಇರುವ ಪ್ರತಿಗಳನ್ನು ತೂಗಿ ನೋಡಿ ಸಂಪಾದಕನು ಒಂದು ಪಾಠವನ್ನು ಗೊತ್ತುಮಾಡುತ್ತಾನೆ. ಡಿ. ಎಲ್. ನರಸಿಂಹಾಚಾರ್ಯರು ೧೯೬೪ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ಯನ್ನು ಬರೆದದ್ದೇ ಈ ಶಾಸ್ತ್ರದ ಶಿಸ್ತನ್ನು ಕನ್ನಡಕ್ಕೆ ಕೊಡುವ ಸಲುವಾಗಿ. ಮಾನವ ಜೀನೋಮಿನ ಆಕರಪಾಠದ ಕಥೆ ಇದಕ್ಕಿಂತ ವಿಚಿತ್ರವಾಗಿದೆ. ೧೯೯೭ರಲ್ಲಿ ಅಮೆರಿಕದ ಬಫಲೋ ಪಟ್ಟಣದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಜಾಹೀರಾತನ್ನು ನೋಡಿ ರಕ್ತ ಕೊಟ್ಟವರಲ್ಲಿ ಅನಾಮಿಕನಾದ ಒಬ್ಬನಿಂದಲೇ ಆ ಪಾಠದ ಸುಮಾರು ನೂರಕ್ಕೆ ಎಪ್ಪತ್ತು ಭಾಗ ಬಂದಿದೆ. ೨೦೦೩ರಲ್ಲಿ ಸಂಪೂರ್ಣವೆಂದು ಸಾರಿದರೂ ನೂರಕ್ಕೆ ಎಂಟರಷ್ಟು ಭಾಗ ಓದಲಾಗದೆ ಉಳಿದಿತ್ತು. ಅದು ತುಂಬಿದ್ದು ೨೦೨೨ರಲ್ಲಿ. ಮರು ವರ್ಷ, ೨೦೨೩ರ ಮೇ ತಿಂಗಳಲ್ಲಿ, ನಾನಾ ಮೂಲದ ೪೭ ಜನರ ಪಾಠಗಳನ್ನು ಒಟ್ಟಿಗೆ ಹೆಣೆದ ಹೊಸ ಆಕರವೊಂದು ಪ್ರಕಟವಾಯಿತು. ಆದರೂ ದಿನದಿನದ ಕೆಲಸದಲ್ಲಿ ಬಹುಮಟ್ಟಿಗೆ ಬಳಕೆಯಾಗುತ್ತಿರುವುದು ಹಳೆಯದೇ. ಒಂದೇ ಓಲೆಕಟ್ಟನ್ನು ಪ್ರಮಾಣವೆಂದು ಹಿಡಿದು, ನಾಡಿನ ಬೇರೆ ಎಲ್ಲ ಓಲೆಕಟ್ಟುಗಳನ್ನೂ ಅದರ ಅಪಪಾಠಗಳೆಂದು ಅಡಿಟಿಪ್ಪಣಿಗೆ ತಳ್ಳಿದರೆ ಹೇಗೋ ಹಾಗೆ ಇದು.

ಹೊಸದುರ್ಗದ ಒಬ್ಬ ರೈತನ ಮಗುವನ್ನು ಬಫಲೋದ ಆ ಅನಾಮಿಕನ ಪಕ್ಕದಲ್ಲಿಟ್ಟು ಓದುವುದರಲ್ಲಿ ತಪ್ಪೇನೂ ಇಲ್ಲ. ಎಲ್ಲಿಯಾದರೂ ಒಂದು ಕಡೆ ಅಳತೆಗೋಲು ಬೇಕು. ತಪ್ಪು ಹುಟ್ಟುವುದು, ಈ ಹೋಲಿಕೆಯಲ್ಲಿ ಕಂಡ ಭೇದವು ರೋಗವೋ ಬರಿಯ ಭೇದವೋ ಎಂದು ತೀರ್ಮಾನಿಸುವಾಗ. ಅಮೆರಿಕದಲ್ಲೇ ಇದಕ್ಕೆ ಒಂದು ಕಣ್ತೆರೆಸುವ ದೃಷ್ಟಾಂತ ಇದೆ. ಹೃದಯದ ಸ್ನಾಯು ದಪ್ಪವಾಗುವ ಒಂದು ಕಾಯಿಲೆಗೆ ಕಾರಣವೆಂದು ಕಪ್ಪು ಜನರ ವರದಿಗಳಲ್ಲಿ ಬರೆದಿದ್ದ ಕೆಲವು ಭೇದಗಳು ನಿಜವಾಗಿ ನಿರುಪದ್ರವಿಗಳೆಂದು ೨೦೧೬ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮೊದಲು ಹೋಲಿಸಿ ನೋಡಿದ್ದ ಆರೋಗ್ಯವಂತರಲ್ಲಿ ಕಪ್ಪು ಜನರು ಸಾಕಷ್ಟು ಇರಲಿಲ್ಲ, ಅಷ್ಟೇ ಕಾರಣ. ಕೆಲವೇ ಜನರನ್ನಾದರೂ ಸೇರಿಸಿಕೊಂಡಿದ್ದರೆ ತಪ್ಪು ಅಂದೇ ಬಯಲಾಗುತ್ತಿತ್ತು.

ಓದು ಮತ್ತು ಅರ್ಥ—ಇವೆರಡೂ ಬೇರೆಬೇರೆ ಎಂಬುದನ್ನು ಚಿತ್ರದುರ್ಗದ ಜನಕ್ಕೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಬಂಡೆಗಳ ಮೇಲೆ ಅಕ್ಷರ ಕೆತ್ತಿದ ನಾಡು ಇದು. ೧೮೯೨ರಲ್ಲಿ ರೈಸ್ ಸಾಹೇಬರು ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಆ ಶಾಸನದ ಕೊನೆಗೆ ಅದನ್ನು ಬರೆದ ಚಪಡನೆಂಬಾತ ತನ್ನ ಹೆಸರನ್ನು ಹೇಳಿಕೊಂಡು, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಧರ್ಮಕ್ಕೆ ಅವನು ವ್ಯಾಖ್ಯಾನ ಬರೆಯಲಿಲ್ಲ. ಬರೆದವನು ತಾನೆಂದು ಮಾತ್ರ ಸಹಿ ಮಾಡಿದ. ಪೇಟೆಯ ಪಕ್ಕದ ಚಂದ್ರವಳ್ಳಿಗೆ ಬಂದರೆ ಕದಂಬ ಮಯೂರಶರ್ಮನ ಶಾಸನ. ಪ್ರಾಕೃತದಲ್ಲಿ ಬರೆದ ಮೂರೇ ಸಾಲು, ಕಲ್ಲು ಸವೆದಿದೆ. ಎಂ. ಎಚ್. ಕೃಷ್ಣ ಅವರು ಅದನ್ನು ಓದಿ ಮೈಸೂರು ಪುರಾತತ್ವ ಇಲಾಖೆಯ ೧೯೨೯ರ ವರದಿಯಲ್ಲಿ ಪ್ರಕಟಿಸಿದಾಗ, ಮಯೂರಶರ್ಮನು ಕೆರೆ ಕಟ್ಟಿಸಿದ ಸಂಗತಿಯ ಜೊತೆಗೆ ಅವನು ಗೆದ್ದ ಅರಸುಮನೆತನಗಳ ದೊಡ್ಡ ಪಟ್ಟಿಯೇ ಅಲ್ಲಿ ಕಂಡಿತು. ಆಮೇಲೆ ಬಂದ ಶಾಸನತಜ್ಞರು ಆ ಪಟ್ಟಿಯನ್ನು ಸಂಶಯದಿಂದ ನೋಡಿದರು. ಬೇರೆ ಓದುಗಳು ಹುಟ್ಟಿದವು. ಕೆರೆಯ ವಿಷಯದಲ್ಲಿ ವಿವಾದವಿಲ್ಲ. ಕಲ್ಲು ಅದೇ, ಅಕ್ಷರಗಳೂ ಅವೇ. ಒಂದೇ ಶಾಸನದಲ್ಲಿ ಒಂದು ಮಾತು ಗಟ್ಟಿ, ಇನ್ನೊಂದು ಮಾತು ಸಡಿಲ. ಶಾಸನವನ್ನು ಅಚ್ಚುಹಾಕುವ ಪಂಡಿತನು ಇದನ್ನು ಮುಚ್ಚಿಡುವುದಿಲ್ಲ. ಸಂಶಯವಾದ ಅಕ್ಷರವನ್ನು ಕಂಸದಲ್ಲಿ ಹಾಕುತ್ತಾನೆ, ಅಳಿಸಿಹೋದ ಕಡೆ ಚುಕ್ಕಿಯಿಡುತ್ತಾನೆ. ಓದುಗನಿಗೆ ಎಷ್ಟು ನಂಬಬೇಕೆಂಬುದು ಪುಟದ ಮೇಲೆಯೇ ಕಾಣುತ್ತದೆ.

ಸೀಕ್ವೆನ್ಸಿಂಗ್ ಸಂಸ್ಥೆಗಳಿಗೂ ಈ ಪ್ರಾಮಾಣಿಕತೆ ಗೊತ್ತಿಲ್ಲದ್ದಲ್ಲ. ಯಂತ್ರದಿಂದ ಹೊರಬರುವ ಪ್ರತಿ ಅಕ್ಷರದ ಜೊತೆಗೂ ಅದರ ನಂಬಿಕೆಯ ಅಂಕವೊಂದು ಇರುತ್ತದೆ. ಅಂಕ ಮೂವತ್ತಾದರೆ, ಆ ಅಕ್ಷರ ತಪ್ಪಾಗಿರುವ ಸಂಭವ ಸಾವಿರಕ್ಕೆ ಒಂದು ಎಂದರ್ಥ. ಸಂಶೋಧಕನು ಹಣಕೊಟ್ಟು ಓದಿಸಿಕೊಂಡಾಗ ಆ ಅಂಕಗಳ ಸಮೇತ ಇಡೀ ಕಡತವೇ ಅವನ ಕೈಸೇರುತ್ತದೆ. ಬೇಕೆಂದಾಗ ಅವನು ಮತ್ತೆ ಓದಬಹುದು, ಸಂಸ್ಥೆಯ ಓದನ್ನು ಪ್ರಶ್ನಿಸಬಹುದು, ತನ್ನ ಗುಮಾನಿಯನ್ನು ಇನ್ನೊಬ್ಬರಿಗೆ ತೋರಿಸಬಹುದು. ಸಂಸ್ಥೆ ಇಲ್ಲಿ ಚಪಡನಂತೆ ಲಿಪಿಕಾರ. ವ್ಯಾಖ್ಯಾನದ ಹೊಣೆ ಸಂಶೋಧಕನದು. ಈ ವಿಂಗಡಣೆ ಸ್ವಚ್ಛವಾದುದು. ನನ್ನ ಆಕ್ಷೇಪಣೆಯಿರುವುದು, ಅದೇ ಯಂತ್ರದ ಅದೇ ಓದು ರೋಗಿಯ ಮನೆಗೆ ಹೋಗುವಾಗ ತಾಳುವ ವೇಷದ ಬಗ್ಗೆ. ಅಂಕಗಳೆಲ್ಲ ಉದುರಿ, ಮೂವತ್ತು ಸಲದ ಓದು ಒಂದು ಸಾಲಾಗಿ, ನಾಲ್ಕಾರು ಪುಟಗಳ ಇಂಗ್ಲಿಷ್ ವರದಿಯಾಗಿ ಅದು ಬರುತ್ತದೆ. ಲಿಪಿಕಾರನೇ ಪಂಡಿತನ ಪೀಠದಲ್ಲಿ ಕುಳಿತಿರುತ್ತಾನೆ.

ಆ ವರದಿಯ ಗದ್ಯವನ್ನು ನೋಡೋಣ. ೨೦೧೫ರಲ್ಲಿ ಅಮೆರಿಕದ ವೈದ್ಯಕೀಯ ತಳಿಶಾಸ್ತ್ರಜ್ಞರು ಹಾಕಿಕೊಟ್ಟ ಕಟ್ಟಳೆಯಂತೆ, ಕಂಡ ಭೇದವನ್ನು ಐದು ಮೆಟ್ಟಿಲುಗಳಲ್ಲಿ ಒಂದರ ಮೇಲೆ ನಿಲ್ಲಿಸುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. ಇವುಗಳಲ್ಲಿ ನಡುವಿನದೇ ಸಾಹಿತ್ಯದ ವಿದ್ಯಾರ್ಥಿಗೆ ಅತ್ಯಂತ ಪ್ರಿಯವಾಗಬೇಕಾದ್ದು. ‘ಅರ್ಥ ಅನಿಶ್ಚಿತ’ ಎಂದು ಇಷ್ಟು ನೇರವಾಗಿ ಒಪ್ಪಿಕೊಳ್ಳುವ ಧೈರ್ಯ ನಮ್ಮ ವ್ಯಾಖ್ಯಾನಕಾರರಲ್ಲಿ ಎಷ್ಟು ಮಂದಿಗಿದೆ? ಆದರೆ ವರದಿಯಲ್ಲಿ ಈ ಮಾತು ಬರುವ ಬಗೆ ಬೇರೆ. ಜೀನಿನ ಹೆಸರು ದಪ್ಪಕ್ಷರದಲ್ಲಿ. ಅದರ ಎದುರಿಗೆ ಆ ಜೀನು ಕೆಟ್ಟಾಗ ಬರಬಹುದಾದ ರೋಗದ ಉದ್ದನೆಯ ಹೆಸರು. ಅದಾದ ಮೇಲೆ ಸಣ್ಣಕ್ಷರದ ಒಂದು ಮೂಲೆಯಲ್ಲಿ, ಅರ್ಥ ಅನಿಶ್ಚಿತ. ಹೊಳಲ್ಕೆರೆಯ ಮನೆಯೊಂದರಲ್ಲಿ ಇದನ್ನು ಓದುವವನು ಸಾಮಾನ್ಯವಾಗಿ ಮನೆಯಲ್ಲಿ ಇಂಗ್ಲಿಷ್ ಬಲ್ಲ ಹುಡುಗ. ಪಿಯುಸಿ ಓದುತ್ತಿರುವ ಚಿಕ್ಕಪ್ಪನ ಮಗನೋ, ಸೋದರತ್ತೆಯ ಮಗಳೋ. ಅವರ ಕಣ್ಣು ದಪ್ಪಕ್ಷರದ ಮೇಲೆ ನಿಲ್ಲುತ್ತದೆ. ‘ಇದೇ ರೋಗವಂತೆ’ ಎಂದು ಅಜ್ಜಿಗೆ ಹೇಳುತ್ತಾರೆ. ಅಲ್ಲಿಂದ ಮುಂದೆ ಅದು ಸಂಶಯವಾಗಿ ಉಳಿಯುವುದಿಲ್ಲ. ಗದ್ಯದಲ್ಲಿ ಯಾವ ಮಾತನ್ನು ಎಲ್ಲಿ ಇಡಬೇಕೆಂಬುದು ಅಲಂಕಾರದ ಪ್ರಶ್ನೆಯಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಪತ್ರಿಕೆಗಳ ಕನ್ನಡವೂ ಇಲ್ಲಿ ಸಹಾಯ ಮಾಡಲಿಲ್ಲ. ಕೋವಿಡ್ ದಿನಗಳಲ್ಲಿ ಭೇದ ಹೊಂದಿದ ವೈರಸ್ಸಿಗೆ ‘ರೂಪಾಂತರಿ’ ಎಂಬ ಮಾತನ್ನು ಟಂಕಿಸಿದರು. ಚೆನ್ನಾಗಿ ನಾಲಗೆಗೆ ಕೂಡುವ ಮಾತು. ಆದರೆ ಅದರಲ್ಲಿ ಮಾರೀಚನ ನೆರಳಿದೆ. ಬಂಗಾರದ ಜಿಂಕೆಯಾಗಿ ಬರುವವನು ಒಳಗೆ ರಾಕ್ಷಸನೇ. ವೈರಸ್ಸಿನ ಮಟ್ಟಿಗೆ ಅದು ನಡೆದೀತು. ಆ ಮಾತನ್ನೇ ಮನುಷ್ಯನ ಜೀನೋಮಿಗೂ ತಂದರೆ, ಪ್ರತಿಯೊಬ್ಬನಲ್ಲಿಯೂ ನಲವತ್ತು ಲಕ್ಷ ಮಾರೀಚರು ಅಡಗಿದ್ದಾರೆಂದು ಹೇಳಿದಂತಾಯಿತು. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಮಾತು ಎಂದೋ ಇದೆ: ಪಾಠಾಂತರ. ಪಾಠಾಂತರವು ತಪ್ಪಾಗಿರಲೇಬೇಕೆಂದಿಲ್ಲ, ಕೆಲವೊಮ್ಮೆ ಅದೇ ಮೇಲಾದ ಪಾಠ, ಬಹಳ ಸಲ ಎರಡರಲ್ಲಿ ಯಾವುದಾದರೂ ಅರ್ಥ ಕೆಡುವುದಿಲ್ಲ, ಎಲ್ಲೋ ಒಂದು ಕಡೆ ಒಂದು ಕೊಂಬು ತಪ್ಪಿ ಪದ್ಯವೇ ಮುರಿದುಬೀಳುತ್ತದೆ. ಜೀನೋಮಿನಲ್ಲಿಯೂ ನಡೆಯುವುದು ಅಕ್ಷರಶಃ ಇದೇ. ತಳುಕಿನ ವೆಂಕಣ್ಣಯ್ಯನವರ ಜಿಲ್ಲೆಯವರು ಈ ಮಾತನ್ನು ಮರೆತು ಬೇರೆಡೆ ಹುಡುಕುವುದು ಸರಿಯಲ್ಲ.

ಪಾಠಾಂತರವೊಂದರ ಅರ್ಥ ಹೇಗೆ ಬದಲಾಗುತ್ತ ಹೋಗುತ್ತದೆಂಬುದಕ್ಕೆ ನಮ್ಮದೇ ಉದಾಹರಣೆಯೊಂದಿದೆ. ಹೃದಯದ ಸ್ನಾಯುವಿಗೆ ಸೇರಿದ ಒಂದು ಜೀನಿನಲ್ಲಿ ಇಪ್ಪತ್ತೈದು ಅಕ್ಷರಗಳು ಬಿಟ್ಟುಹೋಗಿರುವುದು ದಕ್ಷಿಣ ಏಷ್ಯದವರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಕಂಡುಬರುತ್ತದೆ. ಹೊರಗಿನವರಲ್ಲಿ ಬಹಳ ವಿರಳ. ಹೈದರಾಬಾದಿನ ಸಿಸಿಎಂಬಿಯ ತಂಗರಾಜ್ ಮತ್ತವರ ಸಂಗಡಿಗರು ಇದು ಹೃದಯ ಸೋಲುವ ಕಾಯಿಲೆಗೆ ದೊಡ್ಡ ಕಾರಣವೆಂದು ೨೦೦೯ರಲ್ಲಿ ಪ್ರಕಟಿಸಿದರು. ನಾಲ್ಕು ಕೋಟಿಗೂ ಮೀರಿದ ಜನರ ತಲೆಯ ಮೇಲೆ ಒಂದು ಕತ್ತಿ ತೂಗಿದಂತಾಯಿತು. ೨೦೧೮ರಲ್ಲಿ ಬೇರೊಂದು ತಂಡ ಮತ್ತೆ ಓದಿ ನೋಡಿದಾಗ, ಆ ಲೋಪವಿರುವವರಲ್ಲಿ ಕೆಲವರಿಗೆ ಮಾತ್ರ ಅದರ ಜೊತೆಗೆ ಅದೇ ಜೀನಿನಲ್ಲಿ ಇನ್ನೊಂದು ಪಾಠಾಂತರವೂ ಇರುವುದು ಕಂಡಿತು. ಕಾಯಿಲೆಯ ಭಾರದಲ್ಲಿ ದೊಡ್ಡ ಪಾಲು ಅದರದೆಂಬ ಅಭಿಪ್ರಾಯ ಬಂತು. ಮೊದಲಿನವರು ಓದಿದ್ದು ಸುಳ್ಳಲ್ಲ. ಪಕ್ಕದ ಸಾಲನ್ನೂ ಕೂಡಿಸಿ ಓದಿದಾಗ ಅರ್ಥ ಸರಿಯಿತು. ವಿದ್ಯೆ ಹೀಗೆಯೇ ಬೆಳೆಯಬೇಕಾದ್ದು. ಆದರೆ ೨೦೧೦ರ ಸುಮಾರಿನಲ್ಲಿ ಆ ಒಂದು ಸಾಲನ್ನು ನೋಡಿಕೊಂಡು ಬೆದರಿದವನಿಗೆ ೨೦೧೮ರ ಈ ಓದನ್ನು ಯಾರು ತಲುಪಿಸಿದರು?

ಈ ವಿದ್ಯೆಯನ್ನು ಬೇಡವೆನ್ನುವುದು ನನ್ನ ಉದ್ದೇಶವಲ್ಲ. ನಮ್ಮಂಥ ಕಡೆಗೆ ಅದು ಇತರರಿಗಿಂತ ಹೆಚ್ಚು ಬೇಕು. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ೧೯೮೦ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಬ್ರಿಟನ್ನಿನ ಬಿಟಲ್ಸ್ ಮೊದಲಾದವರು ಕರ್ನಾಟಕದಲ್ಲಿ ಕಲೆಹಾಕಿದ ಲೆಕ್ಕದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ಹೀಗೆ ಸಂಬಂಧದೊಳಗೇ ಆಗಿತ್ತು. ಅದಿರಲಿ, ಸಂಬಂಧದಲ್ಲಿ ಮದುವೆಯಾಗದಿದ್ದರೂ ಜಾತಿಯೊಳಗೇ ಶತಮಾನಗಳಿಂದ ಕೊಟ್ಟು ತಂದು ಮಾಡುತ್ತ ಬಂದ ಸಮುದಾಯಗಳಲ್ಲಿ ಒಬ್ಬ ಪೂರ್ವಜನ ಒಂದು ಪಾಠಾಂತರ ನೂರಾರು ಮನೆಗಳಲ್ಲಿ ಉಳಿದುಬರುತ್ತದೆ. ಆಂಧ್ರದ ವೈಶ್ಯರಲ್ಲಿ ಹಲವರಿಗೆ ಶಸ್ತ್ರಚಿಕಿತ್ಸೆಯಲ್ಲಿ ಕೊಡುವ ಒಂದು ಸ್ನಾಯು ಸಡಿಲಿಸುವ ಮದ್ದು ಬೇಗ ಇಳಿಯುವುದಿಲ್ಲ, ಉಸಿರಿಗೆ ತೊಂದರೆಯಾಗುತ್ತದೆ ಎಂಬುದು ಇಂಥ ಕಾರಣದಿಂದ. ೨೦೧೭ರಲ್ಲಿ ದಕ್ಷಿಣ ಏಷ್ಯದ ಸಮುದಾಯಗಳ ಮೇಲೆ ಪ್ರಕಟವಾದ ದೊಡ್ಡ ಲೇಖನವೊಂದು ಇದನ್ನೇ ಮುಖ್ಯ ಉದಾಹರಣೆಯಾಗಿ ಎತ್ತಿಕೊಂಡಿತು. ಮೊದಲೇ ತಿಳಿದಿದ್ದರೆ ಅರಿವಳಿಕೆಯ ವೈದ್ಯ ಬೇರೆ ಮದ್ದು ಬಳಸುತ್ತಾನೆ. ಅಷ್ಟಕ್ಕೆ ಒಂದು ಜೀವ ಉಳಿಯುತ್ತದೆ. ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆಯಿಂದ ಹುಟ್ಟಿದ ಮಗು ಸೆಳವು ಬಂದು, ಕಿವಿ ಕೇಳದೆ ಹೋಗಬಹುದು. ಬೇಗ ಗೊತ್ತಾದರೆ ಒಂದು ವಿಟಮಿನ್ ಮಾತ್ರೆಯಿಂದ ಜೀವನವಿಡೀ ಸರಿಯಾಗಿರಬಹುದು. ಊರಿಂದೂರಿಗೆ, ಆಸ್ಪತ್ರೆಯಿಂದ ದೇವರ ಗುಡಿಗೆ, ಗುಡಿಯಿಂದ ಆಸ್ಪತ್ರೆಗೆ ಮಗುವನ್ನು ಹೊತ್ತು ತಿರುಗಿದ ತಾಯಿಗೆ ಕಾಯಿಲೆಯ ಹೆಸರು ತಿಳಿಯುವುದೇ ಒಂದು ದೊಡ್ಡ ಸಮಾಧಾನವೆಂಬುದನ್ನು ಅನುಭವಸ್ಥರು ಬಲ್ಲರು.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ೧೯೭೦ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕೂಲಿಯವರ ಮನೆಗಳಲ್ಲಿ ಸೊಂಟ ಮೊಣಕಾಲು ಬಾಗಿ ನಡೆಯಲಾಗದಂಥ ಕಾಯಿಲೆ ಕಂಡಿತು. ಗದ್ದೆಯ ಏಡಿ ತಿಂದದ್ದರಿಂದ, ಕೀಟನಾಶಕದಿಂದ ಎಂದೆಲ್ಲ ಹೇಳಿದರು. ಕೊನೆಗೆ ಅದು ವಂಶಪಾರಂಪರ್ಯವಾದ ಮೂಳೆಯ ಕಾಯಿಲೆಯೆಂದು ತಿಳಿದುಬಂತು. ಕಾಯಿಲೆಗೆ ಊರಿನ ಹೆಸರೇ ಉಳಿಯಿತು. ವೈದ್ಯಗ್ರಂಥಗಳಲ್ಲಿ ಹಂದಿಗೋಡು ಅಮರವಾಯಿತು. ಹಂದಿಗೋಡಿನವರು ಹೆಣ್ಣು ಗಂಡು ನೋಡಲು ಹೋದಾಗ ಆ ಅಮರತ್ವದ ಬೆಲೆ ಏನೆಂಬುದನ್ನು ಆ ಗ್ರಂಥಗಳು ಬರೆಯಲಿಲ್ಲ. ನಾಳೆ ಯಾವುದೋ ಒಂದು ಪಾಠಾಂತರ ಕಾಡುಗೊಲ್ಲರಲ್ಲಿ ಹೆಚ್ಚು, ಮ್ಯಾಸಬೇಡರಲ್ಲಿ ಹೆಚ್ಚು ಎಂದು ಗೊತ್ತಾದರೆ, ವರದಿಯ ತಲೆಬರಹ ಹೇಗಿರಬೇಕೆಂಬುದು ಇಂದೇ ಯೋಚಿಸಬೇಕಾದ ಬರವಣಿಗೆಯ ಪ್ರಶ್ನೆ.

ಒಪ್ಪಿಗೆ ಪತ್ರದ ವಿಷಯ ಇನ್ನೂ ಸೂಕ್ಷ್ಮ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ೨೦೧೭ರ ನೀತಿಸೂತ್ರಗಳು, ಒಪ್ಪಿಗೆಯು ಕೊಡುವವನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂದು ಹೇಳುತ್ತವೆ. ಕನ್ನಡ ಪತ್ರಗಳು ಇಲ್ಲವೆಂದಲ್ಲ. ನಾನು ಕಂಡ ಒಂದೆರಡರಲ್ಲಿ ಲಿಪಿ ಕನ್ನಡ, ವಾಕ್ಯ ಇಂಗ್ಲಿಷು. ‘ನನ್ನ ಮಾದರಿಯು ಭವಿಷ್ಯದ ಸಂಶೋಧನೆಗಳಿಗಾಗಿ ಉಪಯೋಗಿಸಲ್ಪಡಬಹುದೆಂಬುದನ್ನು ಅರ್ಥಮಾಡಿಕೊಂಡಿರುತ್ತೇನೆ’ ಎಂಬ ಬಗೆಯ ವಾಕ್ಯವನ್ನು ಅರ್ಥಮಾಡಿಕೊಂಡವನು ಇನ್ನೂ ಹುಟ್ಟಬೇಕು. ‘ನಿಮ್ಮ ರಕ್ತವನ್ನು ನಾವು ಎಸೆಯುವುದಿಲ್ಲ, ಇಟ್ಟುಕೊಳ್ಳುತ್ತೇವೆ, ನಾಳೆ ಬೇರೆ ಕಾಯಿಲೆಯ ಬಗ್ಗೆ ಬೇರೆಯವರು ಅದನ್ನು ನೋಡಬಹುದು, ಬೇಡವೆನ್ನಿಸಿದರೆ ಈಗಲೇ ಹೇಳಿ’ ಎಂದರೆ ಹೊಸದುರ್ಗದ ಸಂತೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ತಿಳಿದರೆ ಕೆಲವರು ಬೇಡವೆಂದಾರು. ಮಾತು ಹಾಗೆ ಸುತ್ತಿಕೊಂಡಿರುವುದಕ್ಕೆ ಅದೂ ಒಂದು ಕಾರಣವೋ ಏನೋ.

ಈ ಎಚ್ಚರ ಬರಿಯ ಶಂಕೆಯಲ್ಲ. ಅಮೆರಿಕದ ಅರಿಜೋನದಲ್ಲಿ ಹವಸುಪಾಯ್ ಎಂಬ ಮೂಲನಿವಾಸಿಗಳು ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ರಕ್ತ ಕೊಟ್ಟರು. ಅದೇ ರಕ್ತದಿಂದ ಅವರ ಮನೋರೋಗದ ಬಗ್ಗೆ, ಅವರ ಪೂರ್ವಜರು ಎಲ್ಲಿಂದ ಬಂದರೆಂಬ ಬಗ್ಗೆ ಲೇಖನಗಳು ಹೊರಟವು. ತಾವು ಆ ಕಣಿವೆಯಲ್ಲೇ ಹುಟ್ಟಿದವರೆಂಬ ಅವರ ಪುರಾಣಕ್ಕೆ ಇದು ಎದುರಾಗಿತ್ತು. ಮೊಕದ್ದಮೆ ನಡೆದು ೨೦೧೦ರ ರಾಜಿಯಲ್ಲಿ ಅವರಿಗೆ ಏಳು ಲಕ್ಷ ಡಾಲರು ಕೊಟ್ಟು, ಉಳಿದ ರಕ್ತವನ್ನು ಹಿಂದಿರುಗಿಸಬೇಕಾಯಿತು. ಮನೆಮನೆಯಿಂದ ಎಂಜಲು ತರಿಸಿಕೊಂಡು ವಂಶದ ಕಥೆ ಹೇಳುತ್ತಿದ್ದ ೨೩ಆಂಡ್‌ಮಿ ಎಂಬ ಕಂಪೆನಿ ೨೦೨೫ರ ಮಾರ್ಚಿಯಲ್ಲಿ ದಿವಾಳಿ ಅರ್ಜಿ ಹಾಕಿದಾಗ, ಕೋಟಿಗೂ ಮಿಕ್ಕ ಜನರ ಪಾಠವು ಸಾಲಗಾರರ ಆಸ್ತಿಪಟ್ಟಿಯಲ್ಲಿ ಸೇರಿದ್ದನ್ನು ಲೋಕ ನೋಡಿತು. ಜುಂಜಪ್ಪನ ಕಾವ್ಯವನ್ನು ಹಾಡಿದ ಗಾಯಕನ ಹೆಸರನ್ನು ಅಚ್ಚು ಹಾಕುವುದು ಜಾನಪದ ಸಂಗ್ರಾಹಕನ ಮರ್ಯಾದೆ. ಜೀನೋಮನ್ನು ಕೊಟ್ಟವನ ಹೆಸರನ್ನು ಅಳಿಸುವುದು ವಿಜ್ಞಾನಿಯ ಮರ್ಯಾದೆ. ಎರಡೂ ಸರಿಯೇ. ಆದರೆ ಹೆಸರು ಅಳಿಸಿದ ಮೇಲೆ ಋಣವೂ ಅಳಿಯಿತೆಂದು ಎರಡನೆಯವರು ಭಾವಿಸುವ ಅಪಾಯ ಹೆಚ್ಚು.

ಸರ್ಕಾರದ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಇಲ್ಲಿ ಮೆಚ್ಚಿ ಹೇಳಬೇಕು. ಜೈವಿಕ ತಂತ್ರಜ್ಞಾನ ಇಲಾಖೆ ೨೦೨೦ರಲ್ಲಿ ಇದನ್ನು ಕೈಗೆತ್ತಿಕೊಂಡಿತು. ಇಪ್ಪತ್ತು ಸಂಸ್ಥೆಗಳು ಕೂಡಿದ ಈ ಕೆಲಸದ ಮುಂದಾಳು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ದೇಶದ ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಹತ್ತು ಸಾವಿರದಷ್ಟು ಜನರ ಪಾಠಗಳು ೨೦೨೫ರ ಜನವರಿ ೯ರಂದು ಸಂಶೋಧಕರಿಗೆ ತೆರೆದವು. ಫರೀದಾಬಾದಿನ ದತ್ತಾಂಶ ಕೇಂದ್ರದಲ್ಲಿ ಅವು ಇವೆ, ಅನುಮತಿ ಪಡೆದೇ ನೋಡಬೇಕು. ಬಫಲೋದ ಅನಾಮಿಕನ ಜೊತೆಗೆ ಇನ್ನು ಮುಂದೆ ನಮ್ಮವರನ್ನೂ ಇಟ್ಟು ಹೋಲಿಸಬಹುದು. ‘ಅರ್ಥ ಅನಿಶ್ಚಿತ’ ಎಂಬ ಸಾಲುಗಳಲ್ಲಿ ಎಷ್ಟೋ ಇದರಿಂದ ನಿರುಪದ್ರವಿಯ ಕಡೆಗೆ ಸರಿಯಬೇಕು. ಕೆಲವು ಮೇಲಕ್ಕೂ ಏರಬಹುದು.

ಇಲ್ಲಿಗೆ ನನ್ನ ಕೊನೆಯ ಆಕ್ಷೇಪಣೆ ಬರುತ್ತದೆ. ಹೀಗೆ ಸರಿದ ಸಾಲಿನ ಸುದ್ದಿ ಮನೆಗೆ ಹೋಗುವ ದಾರಿ ಯಾವುದು? ಚಂದ್ರವಳ್ಳಿಯ ಶಾಸನಕ್ಕೆ ಹೊಸ ಓದು ಬಂದರೆ ಕಲ್ಲು ಇದ್ದಲ್ಲೇ ಇರುತ್ತದೆ; ಅದಕ್ಕೆ ಚಿಂತೆಯಿಲ್ಲ. ವರದಿ ಪಡೆದ ಮನೆಯವರು ಇದ್ದಲ್ಲೇ ಇರುವುದಿಲ್ಲ. ಅನಿಶ್ಚಿತವಾದ ಒಂದು ಸಾಲಿನ ಹೆದರಿಕೆಯಿಂದ ಎರಡನೆಯ ಮಗು ಬೇಡವೆಂದವರಿರಬಹುದು. ಮಗಳ ಸಂಬಂಧ ತಪ್ಪಿಹೋದವರಿರಬಹುದು. ಮೂರು ವರ್ಷದ ಮೇಲೆ ಆ ಸಾಲು ನಿರುಪದ್ರವಿಯೆಂದಾದರೆ, ತಿದ್ದಿದ ವರದಿ ಬೇಕಿದ್ದಲ್ಲಿ ವೈದ್ಯರ ಮೂಲಕ ಕೇಳತಕ್ಕದ್ದು ಎಂಬ ಒಂದು ಸಾಲು ಹಳೆಯ ವರದಿಯ ಕೊನೆಯ ಪುಟದ ಅಡಿಯಲ್ಲಿ, ಇಂಗ್ಲಿಷಿನಲ್ಲಿ ಇದ್ದೀತು. ಕೇಳಬೇಕೆಂಬುದು ಯಾರಿಗೂ ಹೊಳೆದಿರುವುದಿಲ್ಲ. ಬರೆದುಕೊಟ್ಟ ವೈದ್ಯರು ಬೆಂಗಳೂರಿನ ಬೇರೆ ಆಸ್ಪತ್ರೆಗೆ ಹೋಗಿರುತ್ತಾರೆ, ಮಾದರಿ ಕೊಡುವಾಗ ಬರೆಸಿದ ಫೋನ್ ನಂಬರು ಬದಲಾಗಿರುತ್ತದೆ. ಸಂಶೋಧಕನಿಗೆ ಕಡತವನ್ನು ಮತ್ತೆ ಓದಿಕೊಡಲು ದರಪಟ್ಟಿಯಿದೆ. ಹೊಳಲ್ಕೆರೆಯ ಮನೆಗೆ ಕನ್ನಡದಲ್ಲಿ ಒಂದು ಕಾರ್ಡು ಬರೆದು ಹಾಕಲು ಯಾವ ದರಪಟ್ಟಿಯಲ್ಲಿಯೂ ಕಲಮು ಕಾಣೆ.